ಬಿರುಕು ಬಿಟ್ಟ ದಿಝಿ: ಪೊರೆಗೆ ಕೈಹಾಕುವ ಮೊದಲು

ರಿಪೇರಿಗೆ ಬಂದದ್ದು ಡಿ ಶ್ರುತಿಯ ಒಂದು ಚ್ಯೂದಿ. ದಿಝಿ ಎಂಬ ಚೀನೀ ಬಿದಿರು ಕೊಳಲಿನಲ್ಲಿ ಮುಖ್ಯವಾಗಿ ಎರಡು ಬಗೆ. ಉತ್ತರದ ಬಾಂಗ್‌ಝಿ ನಾಟಕಗಳ ಜೊತೆ ನುಡಿಯುವ ಗಿಡ್ಡ, ಚುರುಕು ದನಿಯ ಬಾಂಗ್‌ದಿ ಒಂದು. ದಕ್ಷಿಣದ ಕುನ್‌ಚ್ಯೂ ನಾಟಕದ ಮೇಳದಲ್ಲಿರುವ ಉದ್ದ, ಮೆತ್ತನೆ ದನಿಯ ಚ್ಯೂದಿ ಇನ್ನೊಂದು. ಇದರ ಬಿದಿರು ಕೂಝೂ, ಅಂದರೆ ಕಹಿಬಿದಿರು. ಹಾಂಗ್‌ಝೌ ಬಳಿಯ ಯೂಹಾಂಗ್‌ನ ಝೋಂಗ್‌ತಾಯ್ ಎಂಬಲ್ಲಿ ಬೆಳೆಯುವ ಇದೇ ಬಿದಿರಿನಿಂದ ಚೀನಾದ ಬಹಳಷ್ಟು ಕೊಳಲುಗಳು ಆಗುತ್ತವೆ. ಎರಡು ತುಂಡಿನ ಕೊಳಲು, ನಡುವೆ ಹಿತ್ತಾಳೆ ಜೋಡಣೆ. ಊದುವ ರಂಧ್ರಕ್ಕೂ ಬೆರಳಿನ ತೂತುಗಳಿಗೂ ನಡುವೆ ಇನ್ನೊಂದು ರಂಧ್ರ, ಅದರ ಮೇಲೆ ಅಂಟಿಸಿದ ತೆಳು ಪೊರೆ ಅದುರಿ ದಿಝಿಯ ಜೇಂಕಾರ ಕೊಡುತ್ತದೆ.

ಜೊತೆಗೆ ಬಂದ ದೂರು: "ಕೆಳಗಿನ ಸ್ವರ ಗೊರಗೊರ ಅನ್ನುತ್ತೆ, ಮೇಲಿನದು ಬರೋದೇ ಇಲ್ಲ, ಮೂರು ಪೊರೆ ಬದಲಾಯಿಸಿಯಾಯ್ತು." ದಿಝಿಯಲ್ಲಿ ಏನು ಕೆಟ್ಟರೂ ಬೈಗುಳ ಬೀಳುವುದು ಪೊರೆಗೇ. ಈ ಕೊಳಲಿನಲ್ಲಿ ಪೊರೆಯದು ಕೊನೆಯ ತಪ್ಪು, ಅದರ ಹಿಂದೆ ಇನ್ನೂ ನಾಲ್ಕಿದ್ದವು. ಅವು ಸಿಕ್ಕಿದ ಕ್ರಮದಲ್ಲೇ, ಕೆಡಿಸಿಕೊಂಡ ಕೆಲಸವನ್ನೂ ಸೇರಿಸಿ, ಕೆಳಗಿದೆ.

ಅಳತೆ: ಒಟ್ಟು ಉದ್ದ 608 ಮಿಮೀ. ಒಳವ್ಯಾಸ 15.2, ಗೋಡೆ ದಪ್ಪ 3.6, ಹೊರವ್ಯಾಸ 22.4 ಮಿಮೀ. ಊದುವ ರಂಧ್ರ 10.2 × 8.8 ಮಿಮೀ ಅಂಡಾಕಾರ. ಪೊರೆಯ ರಂಧ್ರ 9.5 × 8 ಮಿಮೀ. ಇವೆರಡರ ಕೇಂದ್ರಗಳ ನಡುವೆ 78 ಮಿಮೀ. ಪೊರೆಯ ರಂಧ್ರ ಹೆಚ್ಚುಕಡಿಮೆ ಊದುವ ರಂಧ್ರಕ್ಕೂ ಮೊದಲ ಬೆರಳಿನ ತೂತಿಗೂ ನಟ್ಟನಡುವೆ ಬರುತ್ತದೆ. ಆರೂ ತೂತು ಮುಚ್ಚಿದರೆ ಎ4, ಅಂದರೆ 440 ಹರ್ಟ್ಸ್. ಮೇಲಿನ ಮೂರು ಮುಚ್ಚಿ ಕೆಳಗಿನ ಮೂರು ತೆರೆದರೆ ಡಿ5. ಕೊಳಲಿಗೆ ಡಿ ಎಂಬ ಹೆಸರು ಬಂದದ್ದು ಆ ಸ್ವರದಿಂದ. ಬಾನ್ಸುರಿಯಲ್ಲೂ ಇದೇ ಲೆಕ್ಕ.

ದಿನ 1: ತಪಾಸಣೆ

ಮೊದಲು ಪೊರೆಯನ್ನೇ ಲೆಕ್ಕದಿಂದ ಹೊರಗಿಡಬೇಕು. ಪೊರೆ ತೆಗೆದು, ಆ ರಂಧ್ರದ ಮೇಲೆ ಪಾರದರ್ಶಕ ಟೇಪಿನ ತುಂಡನ್ನು ಬಿಗಿಯಾಗಿ ಅಂಟಿಸಿದೆ. ಒಳ್ಳೆ ದಿಝಿ ಹೀಗೆ ಟೇಪು ಹಾಕಿದಾಗ ನಮ್ಮ ಕೊಳಲಿನ ಹಾಗೆ ಸಾದಾ ದನಿಯಲ್ಲಿ ಎಲ್ಲ ಸ್ವರಗಳನ್ನೂ ಕೊಡುತ್ತದೆ, ಜೇಂಕಾರವಷ್ಟೇ ಇರುವುದಿಲ್ಲ. ಇದು ಕೊಡಲಿಲ್ಲ. ಎ4 ಬರಲು ಉಸಿರೆಲ್ಲ ಸುರಿಯಬೇಕು, ಅದರ ಮೇಲಿನ ಸಪ್ತಕದ ಎ5 ಚೂರೂ ನಿಲ್ಲದು. ಪೊರೆಯೇ ಇಲ್ಲದಾಗಲೂ ಕಾಯಿಲೆ ಹಾಗೇ ಇದೆ ಎಂದಮೇಲೆ ಗಾಳಿ ಬೇರೆಲ್ಲೋ ಸೋರುತ್ತಿದೆ.

ಸೋರಿಕೆ ಹುಡುಕಲು ಜೋಡಣೆ ಬಿಚ್ಚಿ ತಲೆಯ ತುಂಡೊಂದನ್ನೇ ಇಟ್ಟುಕೊಂಡೆ. ಜೋಡಣೆಯ ಬಾಯಿಗೆ ಅಂಗೈ ಒತ್ತಿ, ಊದುವ ರಂಧ್ರಕ್ಕೆ ತುಟಿ ಹಚ್ಚಿ ಗಾಳಿ ಹೀರಿ ನಿಲ್ಲಿಸಬೇಕು. ಸೋರದ ಬಿದಿರಾದರೆ ತುಟಿ ನಾಲ್ಕೈದು ಸೆಕೆಂಡು ಕಚ್ಚಿಕೊಂಡಿರುತ್ತದೆ. ಇಲ್ಲಿ ಒಂದು ಸೆಕೆಂಡಿಗೇ ಬಿಟ್ಟಿತು. ಹೊರಗೆ ಸೋಪುನೀರು ಬಳಿದು ಮೆಲ್ಲಗೆ ಊದಿದಾಗ ಎರಡು ಕಡೆ ಗುಳ್ಳೆ ಎದ್ದವು: ಊದುವ ರಂಧ್ರದ ಪಕ್ಕದ ಹಳೆ ದಾರಸುತ್ತಿನ ಅಂಚಿನಲ್ಲಿ, ಮತ್ತು ತಲೆಯ ತುದಿಯ ಬೂಚಿನ ಕಡೆ.

ದಾರ ಬಿಚ್ಚಿದಾಗ ಬಿರುಕು ಕಂಡಿತು. ಊದುವ ರಂಧ್ರದ ಅಂಚಿನಿಂದ ಪೊರೆಯ ಕಡೆಗೆ 31 ಮಿಮೀ ನೇರ ಗೆರೆ. ಮೇಲೆ ಅರಗು ಬಳಿದಿದ್ದರಿಂದ ಕಣ್ಣಿಗೆ ಗೀರಿನಂತೆ ಕಾಣುತ್ತಿತ್ತು, ಅಷ್ಟೆ. ಸಂದು ಅಳೆಯುವ ತೆಳು ಪಟ್ಟಿ, ಅಂದರೆ ಫೀಲರ್ ಗೇಜ್, 0.05 ಮಿಮೀಯದು ಒಳಗೆ ಹೋಯಿತು, 0.10 ಹೋಗಲಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ಹಾಂಗ್‌ಝೌ ಕಡೆಯ ತೇವದ ಹವೆಯಲ್ಲಿ ಕೊರೆದ ಬಿದಿರು, ಬೆಂಗಳೂರಿನ ಮಾರ್ಚ್ ಮಧ್ಯಾಹ್ನದಲ್ಲಿ ಶೇ. 31ರಿಂದ 35ರ ತೇವಾಂಶದ ಕೋಣೆಯಲ್ಲಿ ಗೋಡೆಗೆ ನೇತುಬಿದ್ದಿತ್ತು.

ಬಿರುಕಿನಿಂದ ಬಟ್ಟೆಗೆ ಎಣ್ಣೆಯ ಜಿಡ್ಡೂ ಹತ್ತಿತು. ಬಾನ್ಸುರಿಗೆ ಸಾಸಿವೆ ಎಣ್ಣೆ ಹಾಕುವ ರೂಢಿಯನ್ನು ಇದಕ್ಕೂ ಹಚ್ಚಿದ್ದಾರೆ. ಬಾನ್ಸುರಿಗೆ ಅದು ಒಳ್ಳೆಯದೇ ಇರಬಹುದು. ದಿಝಿಗೆ ಎರಡು ತೊಂದರೆ ಇದೆ: ಬಿರುಕಿನೊಳಗೆ ಎಣ್ಣೆ ಇಳಿದರೆ ಅಂಟು ಹಿಡಿಯುವುದಿಲ್ಲ, ಪೊರೆಯ ರಂಧ್ರದ ಸುತ್ತ ಬಂದರೆ ಪೊರೆ ನಿಲ್ಲುವುದಿಲ್ಲ.

ದಿನ 2ರಿಂದ 4: ತೇವ

ಬಿರುಕನ್ನು ಒತ್ತಿ ಮುಚ್ಚಿ ಅಂಟಿಸಬಾರದು. ಬಿದಿರು ತಾನೇ ಹಿಗ್ಗಿ ಮುಚ್ಚಿಕೊಳ್ಳಬೇಕು, ಅಂಟು ಆಮೇಲೆ. ಬಲವಂತವಾಗಿ ಮುಚ್ಚಿದ ಬಿರುಕು ಪಕ್ಕದಲ್ಲಿ ಇನ್ನೊಂದನ್ನು ಹೆರುತ್ತದೆ.

ಮೊದಲ ಪ್ರಯತ್ನ ಕೆಟ್ಟಿತು. ಒದ್ದೆ ಹತ್ತಿಯನ್ನು ಕೊಳಲಿನ ಒಳಗೆ ತುರುಕಿ ರಾತ್ರಿ ಇಟ್ಟಿದ್ದಾಯಿತು. ಬೆಳಿಗ್ಗೆ 0.10 ಗೇಜೂ ಬಿರುಕಿನೊಳಗೆ ಹೋಯಿತು! ಒಳಗಿನ ಪದರ ನೀರು ಕುಡಿದು ಹಿಗ್ಗಿದೆ, ಹೊರಗಿನ ಚರ್ಮ ಒಣಗಿಯೇ ಇದೆ. ಒಳಗಿನದು ಹೊರಗಿನದನ್ನು ಬಿರಿಯುವಂತೆ ತಳ್ಳಿದೆ. ಹತ್ತಿ ತೆಗೆದು ನೆರಳಿನಲ್ಲಿ ಆರು ಗಂಟೆ ಬಿಟ್ಟ ಮೇಲೆ ಬಿರುಕು ಹಳೆಯ ಅಗಲಕ್ಕೆ ಬಂತು.

ಎರಡನೆಯದು ಫಲಿಸಿತು. ಮುಚ್ಚಳ ಗಟ್ಟಿಯಾಗಿ ಕೂರುವ ಪ್ಲಾಸ್ಟಿಕ್ ಡಬ್ಬಿ. ಒಂದು ಮೂಲೆಯಲ್ಲಿ ತೂತು ಕೊರೆದ ಸಣ್ಣ ಡಬ್ಬಿ, ಅದರೊಳಗೆ ಹಿಂಡಿದ ಒದ್ದೆ ಬಟ್ಟೆ. ಕೊಳಲಿಗೆ ಬಟ್ಟೆ ತಾಗಬಾರದು. ಪಕ್ಕದಲ್ಲೊಂದು ತೇವಾಂಶ ಅಳೆಯುವ ಅಗ್ಗದ ಹೈಗ್ರೊಮೀಟರ್. ಶೇ. 60ರಿಂದ 65ರ ನಡುವೆ 48 ಗಂಟೆ. ಶೇ. 75 ದಾಟಲು ಬಿಡಬಾರದು, ಡಬ್ಬಿಯಲ್ಲಿ ಬೂಷ್ಟು ಬರುತ್ತದೆ. ನಾಲ್ಕನೇ ದಿನ ಸಂಜೆ 0.05 ಗೇಜ್ ಒಳಗೆ ಹೋಗಲಿಲ್ಲ. ಹೀರಿ ನೋಡಿದರೆ ತುಟಿ ಎರಡೂವರೆ ಸೆಕೆಂಡು ನಿಂತಿತು.

ಅಂಟಿಗೆ ಮುನ್ನ ಎಣ್ಣೆ ತೆಗೆಯಬೇಕು. ತೆಳ್ಳನೆ ಬ್ರಷ್‌ನಿಂದ ಐಸೊಪ್ರೊಪೈಲ್ ಆಲ್ಕೊಹಾಲ್ ಬಿರುಕಿನ ಉದ್ದಕ್ಕೆ ಹರಿಸಿ, ಟಿಶ್ಯೂ ಕಾಗದ ಒತ್ತಿ ಹೀರಿಸುವುದು. ನಾಲ್ಕು ಸಲಕ್ಕೆ ಕಾಗದದ ಮೇಲೆ ಹಳದಿ ಕಲೆ ಬರುವುದು ನಿಂತಿತು.

ದಿನ 5: ಅಂಟು

ಇಷ್ಟು ಸಣ್ಣ ಬಿರುಕಿಗೆ ಎಪಾಕ್ಸಿ ಬೇಡ, ಇಳಿಯುವುದಿಲ್ಲ. ನೀರಿನಷ್ಟು ತೆಳುವಾದ ಸೂಪರ್ ಗ್ಲೂ ಬೇಕು. ಜೆಲ್ ಅಂತ ಬರೆದದ್ದು ಬೇಡ. ಬಿರುಕು 0.2 ಮಿಮೀಗಿಂತ ಅಗಲವಿದ್ದರೆ ಮಾತ್ರ ಬಿದಿರಿನ ಪುಡಿ ಬೆರೆಸಿದ ಎಪಾಕ್ಸಿ ತುಂಬಬೇಕಾಗುತ್ತದೆ.

ಕೊಳಲಿನ ಒಳಗೆ ಮೇಣದ ಕಾಗದ ಸುರುಳಿ ಮಾಡಿ ತೂರಿಸಿ, ಬಿರುಕಿನ ಎರಡೂ ಬದಿ 1 ಮಿಮೀ ಬಿಟ್ಟು ಟೇಪು. ಸೂಜಿತುದಿಯಿಂದ ಒಂದು ಹನಿ ಮಧ್ಯಕ್ಕೆ. ಹನಿ ಎರಡೂ ಕಡೆ ಓಡಿಹೋಗಿ ಬಿರುಕಿನೊಳಗೆ ಮಾಯವಾಗುವುದು ಕಣ್ಣಿಗೇ ಕಾಣುತ್ತದೆ. ಹತ್ತು ನಿಮಿಷ ಬಿಟ್ಟು ಎರಡನೆಯದು. ಎರಡು ಸಾಕಿತ್ತು.

ತಪ್ಪು: ಮೂರನೆಯದನ್ನು ಹಾಕಿದ್ದು, ಅದೂ ಊದುವ ರಂಧ್ರದ ಹತ್ತಿರ. ಹನಿ ಬಿರುಕಿನ ಜಾಡು ಹಿಡಿದು ರಂಧ್ರದ ಒಳಗೋಡೆಗೆ ಇಳಿದು ಅಲ್ಲೇ ಗಟ್ಟಿಯಾಯಿತು. 0.2 ಮಿಮೀ ಎತ್ತರದ ಏಣು. ಊದಿದರೆ ಪ್ರತಿ ಸ್ವರದ ಜೊತೆಗೂ ಸೀಟಿಯಂಥ ಹಿಸ್ಸ್ ಶಬ್ದ. ಉಸಿರು ಬಡಿಯುವ ಅಂಚು ಎದುರುಗಡೆಯದಾದರೂ, ಪಕ್ಕದ ಗೋಡೆಯಲ್ಲಿ ಇಷ್ಟು ಸಣ್ಣ ಉಬ್ಬಿದ್ದರೂ ಗಾಳಿ ಸೀಳುತ್ತದೆ. 11ನೇ ನಂಬರ್ ಬ್ಲೇಡನ್ನು ಗೋಡೆಗೆ ಸಮಾನಾಂತರ ಹಿಡಿದು ಕೆರೆದು, ಬೆಂಕಿಕಡ್ಡಿಗೆ ಸುತ್ತಿದ 1000 ನಂಬರಿನ ಉಪ್ಪುಕಾಗದದಿಂದ ನುಣುಪು ಮಾಡಲು ಒಂದು ಗಂಟೆ ಹಿಡಿಯಿತು. ಬಿದಿರನ್ನು ಮುಟ್ಟದೆ ಅಂಟನ್ನಷ್ಟೇ ಕೆರೆಯಬೇಕು. ಅಂಚನ್ನು ಒಮ್ಮೆ ದುಂಡಗಾಗಿಸಿದರೆ ಅದನ್ನು ಹಿಂದಕ್ಕೆ ತರುವ ಉಪಾಯವಿಲ್ಲ. ರಂಧ್ರದ ಅಂಚಿಗೆ ಮೊದಲೇ ಮೇಣದಬತ್ತಿ ಉಜ್ಜಿದ್ದರೆ ಈ ಒಂದು ಗಂಟೆ ಉಳಿಯುತ್ತಿತ್ತು.

ದಿನ 6 ಮತ್ತು 7: ದಾರ

ಅಂಟು ಬಿರುಕನ್ನು ಮುಚ್ಚುತ್ತದೆ. ಅದು ಮತ್ತೆ ಬಾಯಿ ಬಿಡದಂತೆ ಹಿಡಿಯುವುದು ದಾರ. ದಿಝಿಯ ಮೇಲಿನ ಕಪ್ಪು ಸುತ್ತುಗಳನ್ನು ಅಲಂಕಾರ ಎಂದುಕೊಳ್ಳುವವರೇ ಹೆಚ್ಚು.

ರಂಧ್ರದ ಅಂಚಿನಿಂದ 5, 17 ಮತ್ತು 29 ಮಿಮೀ ದೂರದಲ್ಲಿ ಶುರುವಾಗುವ ಮೂರು ಸುತ್ತು, ಪ್ರತಿಯೊಂದೂ 9 ಮಿಮೀ ಅಗಲ. ಬಿರುಕಿನ ತುದಿ 31ರಲ್ಲಿದೆ, ಹಾಗಾಗಿ ಮೂರನೆಯ ಸುತ್ತು ಅದನ್ನು ದಾಟಿ ಹಿಡಿಯುತ್ತದೆ. ದಾರ 0.4 ಮಿಮೀ ಪಾಲಿಯೆಸ್ಟರ್, ಚಪ್ಪಲಿ ಹೊಲಿಯುವವರ ಹತ್ತಿರ ಸಿಗುವಂಥದು. ದಾರ ಕೊಳಲನ್ನು ಒಮ್ಮೆ ಬಳಸಿ ಬರಲು 70 ಮಿಮೀ, 9 ಮಿಮೀ ಅಗಲಕ್ಕೆ ಬೇಕಾದ 22 ಬಳಸಿಗೆ 1.54 ಮೀಟರು, ಹಿಡಿತಕ್ಕೆ ಸೇರಿಸಿ ಒಂದೊಂದಕ್ಕೆ 2 ಮೀಟರು ಕತ್ತರಿಸಿಕೊಂಡರೆ ಸಾಕು.

ಮೊದಲು ಮೀನಿನ ಗಾಳದ ನೈಲಾನ್ ಎಳೆ ಸುತ್ತಿ ನೋಡಿದ್ದು ದಂಡ. ಅದು ಎಳೆದಷ್ಟೂ ಹಿಗ್ಗಿ, ಬಿಟ್ಟೊಡನೆ ಜಾರುತ್ತದೆ. ಒಂದರ ಪಕ್ಕ ಒಂದು ಕೂರದೆ ಒಂದರ ಮೇಲೊಂದು ಹತ್ತುತ್ತದೆ. ಎರಡನೇ ಸಲ ಪಾಲಿಯೆಸ್ಟರನ್ನು ಬರೀ ಕೈಯಲ್ಲಿ ಸುತ್ತಿದ್ದು, ನೋಡಲು ಚೆನ್ನಾಗಿತ್ತು, ಮರುದಿನ ಉಗುರಿನಿಂದ ತಳ್ಳಿದರೆ ಸುತ್ತು ಇಡಿಯಾಗಿ ಸರಿಯಿತು. ಕೈಯಿಂದ ಎಳೆಯುವ ಬಲ ಪ್ರತಿ ಸುತ್ತಿಗೂ ಬೇರೆ.

ಮೂರನೇ ಸಲ ದಾರದ ದೂರದ ತುದಿಯನ್ನು ಕಿಟಕಿ ಸರಳಿಗೆ ಕಟ್ಟಿ, ಕೊಳಲನ್ನು ಎರಡೂ ಕೈಯಲ್ಲಿ ಹಿಡಿದು, ಮೈಭಾರದಿಂದ ಹಿಂದಕ್ಕೆ ವಾಲುತ್ತ ಕೊಳಲನ್ನೇ ಉರುಳಿಸುತ್ತ ಬರುವುದು. ದಾರ ಮಿಡಿದರೆ ಟಣ್ ಎನ್ನಬೇಕು, ಅಷ್ಟು ಬಿಗಿ. ಕೊನೆಯ 8 ಸುತ್ತು ಉಳಿದಾಗ ಮಡಚಿದ ಇನ್ನೊಂದು ಎಳೆಯ ಕುಣಿಕೆಯನ್ನು ಕೊಳಲಿನ ಮೇಲಿಟ್ಟು, ಅದರ ಮೇಲೆಯೇ ಸುತ್ತು ಮುಂದುವರಿಸಬೇಕು. ಮುಗಿದ ಮೇಲೆ ದಾರದ ತುದಿಯನ್ನು ಕುಣಿಕೆಗೆ ಪೋಣಿಸಿ ಕುಣಿಕೆ ಎಳೆದರೆ, ತುದಿ ಆ 8 ಸುತ್ತಿನ ಅಡಿ ಹೂತುಹೋಗುತ್ತದೆ. ಗಂಟು ಬೇಡ. ಹೊರಬಂದದ್ದನ್ನು ಬ್ಲೇಡಿನಿಂದ ಸಮ ಮಾಡಿ, ಮೇಲೆ ತೆಳುವಾಗಿ ಮೂರು ಕೋಟು ಪಾಲಿಯುರೆಥೇನ್ ವಾರ್ನಿಶ್, ಕೋಟಿಗೆ ಕೋಟಿಗೆ 4 ಗಂಟೆ ಬಿಡುವು. ವಾರ್ನಿಶ್ ಪೊರೆಯ ರಂಧ್ರದಿಂದ ಒಂದು ಬೆರಳಗಲವಾದರೂ ದೂರ ನಿಲ್ಲಬೇಕು.

ಈಗ ತುಟಿ ನಾಲ್ಕು ಸೆಕೆಂಡು.

ದಿನ 8: ಬೂಚು

ತಲೆಯ ತುದಿಯಿಂದ ಸೋರುತ್ತಿದ್ದ ಇನ್ನೊಂದು ಸೋರಿಕೆ ಹಳೆ ಬೂಚಿನದು. ಅದು ಒಣಗಿ ಕುಗ್ಗಿ, ಒಳಗೆ ಅಲ್ಲಾಡುತ್ತಿತ್ತು. ಹೊಸದು ದ್ರಾಕ್ಷಾರಸದ ಬಾಟಲಿಯ ನಿಜವಾದ ಕಾರ್ಕ್, ಪ್ಲಾಸ್ಟಿಕ್‌ನದಲ್ಲ. 15.4 ಮಿಮೀವರೆಗೆ ಉಜ್ಜಿ, ಕರಗಿಸಿದ ಮೇಣದಲ್ಲಿ ಅದ್ದಿ, ಮರದ ಕಡ್ಡಿಯಿಂದ ತಳ್ಳಿದ್ದು. 12 ಮಿಮೀ ಉದ್ದ ಸಾಕು.

ಸ್ಥಳವೇ ಮುಖ್ಯ. ಹಳೆಯದರ ಒಳಮುಖ ಊದುವ ರಂಧ್ರದ ಕೇಂದ್ರದಿಂದ 22 ಮಿಮೀ ಹಿಂದಿತ್ತು. ಬೂಚು ಹಿಂದೆ ಹೋದಷ್ಟೂ ಮೇಲಿನ ಸಪ್ತಕ ಕೆಳಗಿನದಕ್ಕಿಂತ ಇಳಿಯುತ್ತ ಹೋಗುತ್ತದೆ. ಟ್ಯೂನರ್ ಹಿಡಿದು ಎ4ಗೆ ಹೋಲಿಸಿದಾಗ ಎ5 28 ಸೆಂಟ್ ಕೆಳಗೆ. ಸೆಂಟ್ ಅಂದರೆ ಅರ್ಧಸ್ವರದ ನೂರನೇ ಒಂದು ಭಾಗ. 28 ಎಂದರೆ ಯಾರ ಕಿವಿಗೂ ಚುಚ್ಚುವಷ್ಟು. 2 ಮಿಮೀ ಮುಂದೆ ತಳ್ಳುವುದು, ಊದುವುದು, ಬರೆದುಕೊಳ್ಳುವುದು. 16 ಮಿಮೀಗೆ ಬಂದಾಗ ವ್ಯತ್ಯಾಸ 6 ಸೆಂಟ್‌ಗೆ ಇಳಿಯಿತು. 14ಕ್ಕೆ ತಳ್ಳಿದಾಗ ವ್ಯತ್ಯಾಸ ಇನ್ನೂ ಕಡಿಮೆ, ಆದರೆ ಕೆಳಗಿನ ಎ4 ತೆಳ್ಳಗಾಯಿತು. 16ಕ್ಕೇ ವಾಪಸ್. ಸ್ವಲ್ಪ ಮುಂದೆ ಹೋದ ಬೂಚನ್ನು ಹಿಂದಕ್ಕೆ ತಳ್ಳಲು ತಲೆತುದಿಯ ಕಡೆಯಿಂದ ಸಾಧ್ಯವಿಲ್ಲ, ಜೋಡಣೆಯ ಕಡೆಯಿಂದ ಕಡ್ಡಿ ತೂರಿಸಬೇಕು. ಕಡ್ಡಿಯ ಮೇಲೆ ಮೊದಲೇ ಗುರುತು ಹಾಕಿಕೊಂಡರೆ ಪ್ರತಿ ಸಲ ಅಳೆಯುವ ಪಾಡಿಲ್ಲ.

ಪೊರೆಯ ರಂಧ್ರಕ್ಕೆ ಟೇಪು ಹಾಕಿಯೇ ಊದಿದಾಗ ಈಗ ಎರಡೂ ಸಪ್ತಕ ಸರಾಗ. ಪೊರೆಯ ಮಾತು ಎತ್ತಬಹುದಾದದ್ದು ಇಲ್ಲಿಂದ.

ದಿನ 9: ಪೊರೆ ಕೂರುವ ಪೀಠ

ಪೊರೆಯ ರಂಧ್ರದ ಸುತ್ತ ಗಾಜಿನಂಥ ಉಂಗುರ. ಹಿಂದೆ ಯಾರೋ ಪೊರೆಯನ್ನು ಸೂಪರ್ ಗ್ಲೂನಿಂದ ಅಂಟಿಸಿದ್ದಾರೆ, ಒಂದಲ್ಲ, ಹಲವು ಸಲ. ಪೊರೆಗೆ ಎಂದೂ ಇದನ್ನು ಬಳಸಬಾರದು. ಪೊರೆಯನ್ನು ಜರುಗಿಸಲಾಗದು, ತೆಗೆಯಲಾಗದು, ಅಂಚಿನ ಗಟ್ಟಿ ಏಣು ಪೊರೆಯನ್ನು ಎತ್ತಿ ಹಿಡಿದು ಗಾಳಿಗೆ ಸಂದು ಮಾಡಿಕೊಡುತ್ತದೆ.

ಇಲ್ಲಿ ಅಸಿಟೋನ್ ಹಚ್ಚಿದ್ದು ಈ ಇಡೀ ಕೆಲಸದ ದೊಡ್ಡ ತಪ್ಪು. ಅದು ಗ್ಲೂ ಕರಗಿಸುವ ಮೊದಲೇ ಕೊಳಲಿನ ಅರಗನ್ನು ಕರಗಿಸಿತು. ಎರಡು ಸೆಂಟಿಮೀಟರು ಜಾಗ ಬೆಲ್ಲದ ಪಾಕದಂತೆ ಜಿಗುಟಾಗಿ, ಟಿಶ್ಯೂ ಕಾಗದದ ನಾರೆಲ್ಲ ಅದಕ್ಕೆ ಮೆತ್ತಿಕೊಂಡಿತು. ಒಂದು ರಾತ್ರಿ ಒಣಗಲು ಬಿಟ್ಟು, ಅಷ್ಟು ಜಾಗದ ಅರಗನ್ನೇ ಪೂರ್ತಿ ತೆಗೆಯಬೇಕಾಯಿತು.

ಸರಿಯಾದ ದಾರಿ ನಿಧಾನದ್ದು. ಬ್ಲೇಡನ್ನು ಹೆಚ್ಚುಕಡಿಮೆ ಮಲಗಿಸಿ ಕೆರೆಯುವುದು, ಆಮೇಲೆ 600 ನಂಬರಿನ ಉಪ್ಪುಕಾಗದದ ಪಟ್ಟಿಯನ್ನು ಕೊಳಲಿನ ಸುತ್ತ ಬಳಸಿ, ಬೂಟು ಪಾಲಿಶ್ ಮಾಡುವವರ ಹಾಗೆ ಎರಡೂ ತುದಿ ಹಿಡಿದು ಎಳೆದಾಡುವುದು. ಬೆರಳಿನಿಂದ ಒತ್ತಿ ಉಜ್ಜಿದರೆ ರಂಧ್ರದ ಅಂಚು ಕುಸಿಯುತ್ತದೆ. ಉಬ್ಬು ಎಲ್ಲಿದೆ ಎಂದು ತಿಳಿಯಲು ಪೆನ್ಸಿಲ್‌ನಿಂದ ರಂಧ್ರದ ಸುತ್ತ ಗೀಚಿ, ನಾಲ್ಕು ಸಲ ಎಳೆದು ನೋಡಬೇಕು. ಮೊದಲು ಅಳಿಸಿದ ಕಡೆ ಉಬ್ಬು, ಅಳಿಸದೆ ಉಳಿದ ಕಡೆ ತಗ್ಗು. ಗೀಚು ಎಲ್ಲ ಕಡೆ ಒಟ್ಟಿಗೆ ಮಾಯವಾದಾಗ ನಿಲ್ಲಿಸಿ, 1000 ನಂಬರಿನಿಂದ ಹತ್ತು ಸಲ. ಬರಿದಾದ ಬಿದಿರಿಗೆ ಮತ್ತೆ ಒಂದು ತೆಳು ಕೋಟು ವಾರ್ನಿಶ್, ಎರಡು ದಿನ ಒಣಗಲು.

ದಿನ 11: ಅಂಟುಗಳ ಪರೀಕ್ಷೆ

ಪೊರೆಯ ಹೆಸರು ದೀಮೊ. ನೀರಂಚಿನಲ್ಲಿ ಬೆಳೆಯುವ ಜೊಂಡಿನ ಟೊಳ್ಳು ಕಾಂಡದ ಒಳಗೋಡೆಗೆ ಅಂಟಿರುವ ಚರ್ಮ ಅದು, ಈರುಳ್ಳಿ ಪದರಗಳ ನಡುವಿನ ಪೊರೆಗಿಂತ ತೆಳು. ಪೊಟ್ಟಣದ ಜೊತೆ ಬರುವ ಕಂದು ತುಂಡು ಅ-ಜ್ಯಾವ್, ಕತ್ತೆಯ ತೊಗಲನ್ನು ಕುದಿಸಿ ಮಾಡಿದ ಸರೇಸು. ತುದಿಯನ್ನು ನೀರಿಗೆ ಅದ್ದಿ ರಂಧ್ರದ ಸುತ್ತ ಉಜ್ಜಿದರೆ ಜಿಗುಟು ಬರುತ್ತದೆ. ಇದರ ಗುಣ ಒಂದೇ: ಒಣಗಿದ ಮೇಲೂ ಒದ್ದೆ ಬೆರಳು ತಾಗಿಸಿದರೆ ಬಿಡುತ್ತದೆ.

ಬದಲಿಗೆ ಏನೇನು ಆಗುತ್ತದೆ ಎಂದು ತ್ಯಾಜ್ಯ ಪೈಪಿನ ಮೇಲೆ ಅದೇ ಅಳತೆಯ ರಂಧ್ರ ಕೊರೆದು ನೋಡಿದ್ದು. ಬೆಳ್ಳುಳ್ಳಿ ಎಸಳನ್ನು ಕತ್ತರಿಸಿ ಅದರ ಕತ್ತರಿಸಿದ ಮುಖವನ್ನೇ ಉಜ್ಜುವುದು ಚೀನಾದಲ್ಲೂ ಹಳೆಯ ರೂಢಿ, ಇಲ್ಲೂ ಚೆನ್ನಾಗಿ ಹಿಡಿಯಿತು. ಒಣಗಲು ಮೂರು ನಿಮಿಷ, ಒದ್ದೆ ಮಾಡಿದರೆ ಬಿಡುತ್ತದೆ, ವಾಸನೆಯಂತೂ ಮೂಗಿನ ಕೆಳಗೇ. ಗೋಂದು ಪರವಾಗಿಲ್ಲ, ತೆಳ್ಳಗೆ ಕಲಸಿದರೆ ಮಾತ್ರ. ಗಟ್ಟಿಯಾದರೆ ಒಣಗಿದಾಗ ಚೂರುಚೂರಾಗಿ ಉದುರುತ್ತದೆ. ಮರಕ್ಕೆ ಬಳಸುವ ಬಿಳಿ ಅಂಟು ಹಿಡಿಯಿತು, ಆದರೆ ರಬ್ಬರಿನಂಥ ಪದರ ಉಳಿದು ಪೀಠವನ್ನೇ ದಪ್ಪ ಮಾಡಿತು. ಅಕ್ಕಿ ಗಂಜಿ ಒಂದೇ ದಿನಕ್ಕೆ ಎದ್ದುಬಂತು.

ಪೊರೆಗೆ ಬದಲಿ ಹುಡುಕಿದ್ದೂ ಇದೆ. ಈರುಳ್ಳಿ ಪೊರೆ ಹತ್ತು ನಿಮಿಷ ಚೆನ್ನಾಗಿ ನುಡಿದು, ಒಣಗಿ ಸೀಳಿತು. ದಿನಸಿ ಅಂಗಡಿಯ ತೆಳು ಪ್ಲಾಸ್ಟಿಕ್ ಕವರು ಒಂದು ವಾರ ಬಾಳುತ್ತದೆ, ದನಿ ಮಾತ್ರ ಬಾಚಣಿಗೆಗೆ ಕಾಗದ ಸುತ್ತಿ ಊದಿದಂತೆ. ಅಭ್ಯಾಸಕ್ಕೆ ಸಾಕು ಅನ್ನಿಸಿದರೆ ಅದಕ್ಕಿಂತ ಟೇಪೇ ವಾಸಿ.

ದಿನ 12: ಪೊರೆ

ನಾಲ್ಕು ಪೊರೆ ಹೋದವು, ಐದನೆಯದು ಉಳಿಯಿತು.

ಕತ್ತರಿಸುವ ಅಳತೆ: ಕೊಳಲಿನ ಉದ್ದದ ದಿಕ್ಕಿಗೆ 18 ಮಿಮೀ, ಅಡ್ಡಕ್ಕೆ 20 ಮಿಮೀ. ರಂಧ್ರ ದಾಟಿ ಎಲ್ಲ ಕಡೆ ಕನಿಷ್ಠ 4 ಮಿಮೀ ಅಂಟಬೇಕು. ಅಂಟು ಹಚ್ಚುವ ಮೊದಲು ಪೊರೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹಗುರವಾಗಿ ಹೊಸೆಯಬೇಕು, ಸರಬರ ಸದ್ದು ಹೋಗಿ ರೇಷ್ಮೆಯಂತೆ ಮೆತ್ತಗಾಗುವವರೆಗೆ. ಬೆರಳು ಒಣಗಿರಲಿ.

ಅಂಟಿನ ಉಂಗುರ ರಂಧ್ರದ ಅಂಚಿನಿಂದ ಅರ್ಧ ಮಿಮೀ ಹೊರಗೆ ಶುರುವಾಗಬೇಕು. ಮೊದಲ ಪೊರೆ ಹಾಳಾದದ್ದು ಇಲ್ಲೇ. ಅಂಟು ಅಂಚು ದಾಟಿ ಪೊರೆಯ ಅದುರುವ ಭಾಗಕ್ಕೆ ಹರಿಯಿತು. ಒಣಗಿದಾಗ ಪೊರೆಯ ಒಂದು ಬದಿ ಕಾಗದದಂತೆ ಗಟ್ಟಿ, ಜೇಂಕಾರ ಸೊನ್ನೆ.

ಅಂಟು ಹೊಳಪು ಕಳೆದುಕೊಂಡು ಜಿಗುಟಾದಾಗ, ಅಂದರೆ ಸುಮಾರು 40 ಸೆಕೆಂಡಿಗೆ, ಪೊರೆಯನ್ನು ಮಧ್ಯಕ್ಕೆ ಇಳಿಸಬೇಕು. ಆಮೇಲೆ ಎರಡು ಹೆಬ್ಬೆರಳನ್ನು ಪೊರೆಯ ಎರಡು ಅಡ್ಡ ಅಂಚುಗಳ ಮೇಲಿಟ್ಟು, ಕೊಳಲಿನ ಸುತ್ತಿನ ದಿಕ್ಕಿಗೆ ಕೆಳಕ್ಕೆ ಸವರಿ ಎಳೆಯುವುದು. ಹಾಗೆ ಎಳೆದೊಡನೆ ರಂಧ್ರದ ಮೇಲೆ ಸಣ್ಣ ನಿರಿಗೆಗಳು ಮೂಡುತ್ತವೆ. ಅವು ಕೊಳಲಿನ ಉದ್ದಕ್ಕೆ ಅಡ್ಡವಾಗಿ, ಸೀರೆಯ ನೆರಿಗೆಯಂತೆ ಒಂದರ ಪಕ್ಕ ಒಂದು ಸಮವಾಗಿ ನಿಲ್ಲಬೇಕು. ಈ ಕೊಳಲಿಗೆ ಹನ್ನೆರಡರ ಸುತ್ತಮುತ್ತ ನಿರಿಗೆ ಬಂದಾಗ ದನಿ ಚೆನ್ನಾಗಿತ್ತು. ದಪ್ಪ ನಿರಿಗೆ ನಾಲ್ಕೇ ಇದ್ದರೆ ಒರಟು ದನಿ.

ಎರಡನೆಯ ಪೊರೆ ತಮಟೆಯಂತೆ ಬಿಗಿ. ಮೇಲಿನ ಸಪ್ತಕ ಸುಲಭ, ಕೆಳಗಿನ ಎ ಮತ್ತು ಬಿ ಮುಚ್ಚಿದ ಬಾಗಿಲ ಹಿಂದಿನಿಂದ ಕೇಳಿದಂತೆ. ಮೂರನೆಯದು ಸಡಿಲ. ಕೆಳಗೆ ಗೊರಗೊರ, ಇ6 ಬರಲೇ ಇಲ್ಲ. ಮೂಲ ದೂರಿನ ಅದೇ ಲಕ್ಷಣ, ಆದರೆ ಕಾರಣ ಬೇರೆ. ಮೂರು ಪೊರೆ ಬದಲಿಸಿದವರು ಮೋಸ ಹೋದದ್ದು ಇದರಿಂದಲೇ. ಬಿರುಕಿನ ಸೋರಿಕೆಯೂ ಸಡಿಲ ಪೊರೆಯೂ ಕಿವಿಗೆ ಒಂದೇ ಥರ, ಟೇಪಿನ ಪರೀಕ್ಷೆ ಮಾತ್ರ ಅವನ್ನು ಬೇರೆ ಮಾಡುತ್ತದೆ. ನಾಲ್ಕನೆಯದರಲ್ಲಿ ನಿರಿಗೆ ಕೊಳಲಿನ ಉದ್ದಕ್ಕೇ ಹೋಯಿತು. ಸವರುವ ದಿಕ್ಕು ತಪ್ಪಿತ್ತು. ದನಿ ಬಂತು, ಆದರೆ ಒಂದೊಂದು ಸ್ವರಕ್ಕೆ ಒಂದೊಂದು ಬಣ್ಣ.

ಐದನೆಯದನ್ನು ಅಂಟಿಸಿ ಹತ್ತು ನಿಮಿಷ ಬಿಟ್ಟು ಊದಿದಾಗ ಮೊದಲು ಮಂಕು. ಎರಡು ನಿಮಿಷ ಮೆಲ್ಲಗೆ ಎ4 ಹಿಡಿದಿಟ್ಟಾಗ ಉಸಿರಿನ ತೇವಕ್ಕೆ ಪೊರೆ ತುಸು ಸಡಿಲಿ, ಸ್ವರದ ಒಳಗಿಂದ ಜೇಂಕಾರ ಎದ್ದುಬಂತು. ತಂಬೂರಿಯ ಕುದುರೆಯ ಮೇಲೆ ಜೀವಾಳಿ ಎಳೆಯನ್ನು ಕೂದಲಷ್ಟು ಕೂದಲಷ್ಟು ಸರಿಸುತ್ತ ಹೋದಾಗ ತಂತಿ ಒಮ್ಮೆಲೇ ಬಾಯಿಬಿಡುತ್ತದಲ್ಲ, ಹಾಗೆಯೇ. ಅಲ್ಲಿ ಎಳೆ ಮಾಡುವ ಕೆಲಸ ಇಲ್ಲಿ ನಿರಿಗೆಯದು. ಇ ಸ್ವರದ ಮೇಲೆ ಸ್ವಲ್ಪ ಒರಟಿತ್ತು. ಒಂದು ಅಂಚನ್ನು ಒದ್ದೆ ಬೆರಳಿನಿಂದ ಮೆತ್ತಗೆ ಮಾಡಿ ಅರ್ಧ ಮಿಮೀ ಎಳೆದಾಗ ಸರಿಹೋಯಿತು. ಅ-ಜ್ಯಾವ್ ಬಳಸಿದ್ದಕ್ಕೆ ಈ ಅರ್ಧ ಮಿಮೀ ಸಾಧ್ಯವಾಯಿತು.

ದಿನ 13: ಶ್ರುತಿ, ಖರ್ಚು, ಉಳಿದದ್ದು

ಕೋಣೆ 28 ಡಿಗ್ರಿ. ಐದು ನಿಮಿಷ ಊದಿ ಕೊಳಲು ಬಿಸಿಯಾದ ಮೇಲೆ ಎ4 14 ಸೆಂಟ್ ಮೇಲೆ, ಆರೂ ತೂತು ತೆರೆದ ಜಿ ಶಾರ್ಪ್ 12 ಸೆಂಟ್ ಮೇಲೆ. ಹವೆ ಒಂದು ಡಿಗ್ರಿ ಏರಿದರೆ ಸುಮಾರು 3 ಸೆಂಟ್ ಏರುತ್ತದೆ, ಹಾಗಾಗಿ ಇದು ಕೊಳಲಿನ ದೋಷವಲ್ಲ. ಹಿತ್ತಾಳೆ ಜೋಡಣೆಯನ್ನು 2 ಮಿಮೀ ಹೊರಗೆಳೆದಾಗ ಎ4 ಇಳಿದು ಸರಿ ಶ್ರುತಿಗಿಂತ 5 ಸೆಂಟ್ ಮೇಲೆ ನಿಂತಿತು, ಜಿ ಶಾರ್ಪ್ ಇಳಿದು 5 ಸೆಂಟ್ ಕೆಳಗೆ ಹೋಯಿತು. ಜೋಡಣೆ ಎಲ್ಲ ಸ್ವರಗಳನ್ನೂ ಒಂದೇ ಅಳತೆಗೆ ಇಳಿಸುವುದಿಲ್ಲ. ಗಾಳಿಯ ಕಂಬ ಗಿಡ್ಡವಾದ ಸ್ವರ ಹೆಚ್ಚು ಇಳಿಯುತ್ತದೆ. 4 ಮಿಮೀ ಎಳೆದರೆ ಎ4 ಸರಿಯಾಗುತ್ತದೆ, ಜಿ ಶಾರ್ಪ್ 20 ಸೆಂಟ್ ಮೀರಿ ಬೀಳುತ್ತದೆ. 2ರಲ್ಲೇ ಬಿಟ್ಟು ಉಳಿದದ್ದನ್ನು ತುಟಿಗೆ ಬಿಡುವುದು ಮೇಲು.

ಖರ್ಚು: ದೀಮೊ ಎರಡು ಪೊಟ್ಟಣ ಅ-ಜ್ಯಾವ್ ಸಮೇತ ರೂ. 380, ಹೈಗ್ರೊಮೀಟರ್ 250, ವಾರ್ನಿಶ್ 150, ಸೂಪರ್ ಗ್ಲೂ 120, ಆಲ್ಕೊಹಾಲ್ 90, ಬ್ಲೇಡು 70, ದಾರ 60, ಉಪ್ಪುಕಾಗದ 45, ಕಾರ್ಕ್ 40. ಒಟ್ಟು 1205. ಗಾಳದ ಎಳೆ 80, ಅಸಿಟೋನ್ 70, ಈ 150 ರೂಪಾಯಿ ನೀರಿಗೆ.

ಇನ್ನೂ ಎರಡು ತಕರಾರು ಉಳಿದಿವೆ. ಪೊರೆಯ ಪೀಠದಲ್ಲಿ ಅಸಿಟೋನ್ ತಿಂದ ಜಾಗಕ್ಕೂ ಮೂಲ ಅರಗಿಗೂ ಬಣ್ಣ ಕೂಡುತ್ತಿಲ್ಲ. ಅದು ಕಣ್ಣಿಗೆ ಮಾತ್ರ. ಎರಡನೆಯದು ತಲೆತುದಿಯಲ್ಲಿ, ಬೂಚಿನ ಆಚೆ 7 ಮಿಮೀ ಉದ್ದದ ಹೊಸ ಕೂದಲೆಳೆ ಗೆರೆ, ಬೂಚು ತಳ್ಳುವಾಗ ಬಂದದ್ದೇ ಇರಬೇಕು. 15.4ರ ಬದಲು 15.3ಕ್ಕೆ ಉಜ್ಜಿದ್ದರೆ ಬರುತ್ತಿರಲಿಲ್ಲವೇನೋ. ಗಾಳಿ ಓಡಾಡುವ ಜಾಗವಲ್ಲ, ಸದ್ಯಕ್ಕೆ ದನಿಗೆ ತೊಂದರೆಯಿಲ್ಲ. ಎರಡು ತುದಿಗೂ ಪೆನ್ಸಿಲ್ ಗುರುತು ಹಾಕಿ, ಕೊಳಲನ್ನು ಶೇ. 58ರ ಡಬ್ಬಿಯಲ್ಲಿ ಇಟ್ಟಿದೆ. ಹದಿನೈದು ದಿನದಲ್ಲಿ ಗೆರೆ ಗುರುತು ದಾಟಿದರೆ ಅಲ್ಲೊಂದು ನಾಲ್ಕನೇ ಸುತ್ತು, ಅದಕ್ಕೆ ಬೇಕಾದ 2 ಮೀಟರು ದಾರ ಕತ್ತರಿಸಿ ಡಬ್ಬಿಯೊಳಗೇ ಹಾಕಿದೆ.